ಅಂಜುವ ಕಾಕಟೀಲ್‌ಗೆ ಶಿರಸಿಯಲ್ಲಿ ಸಿಕ್ಕ ಪಂಜರ, ಜೊತೆಗೆ ಒಳ್ಳೆಯ ಸಲಹೆ

ನಮ್ಮ ಹೊಸ ಕಾಕಟೀಲ್‌ಗೆ, ಅಂದರೆ ಜುಟ್ಟಿರುವ ವಿದೇಶಿ ಗಿಳಿಗೆ, ಶಿರಸಿ ಪೇಟೆಯ ಸಣ್ಣ ಅಂಗಡಿಯೊಂದರಲ್ಲಿ ಪಂಜರ ಕೊಂಡೆವು. ತಂತಿ ಗಟ್ಟಿ, ಬಾಗಿಲು ಅಗಲ. ಟ್ರೇ ಸಲೀಸಾಗಿ ಹೊರಬರುತ್ತದೆ. ನಮ್ಮ ಮಳೆಗಾಲದಲ್ಲಿ ಬೂಸ್ಟು ಹಿಡಿಯದಂತೆ ಒರೆಸಲು ಇದು ಬೇಕೇ ಬೇಕು ಅಲ್ವಾ? ಜೊತೆಗೆ ಬಂದ ಪ್ಲಾಸ್ಟಿಕ್ ಕೋಲುಗಳು ಮಾತ್ರ ಹಿಡಿಸಲಿಲ್ಲ. ಎಲ್ಲಾ ಒಂದೇ ದಪ್ಪ, ನುಣುಪು ಜಾಸ್ತಿ. ತೆಗೆದು ಪೇರಲ ಕೊಂಬೆ ಹಾಕಿದೆವು.

ಅಂಗಡಿಯಾಕೆಯ ಸಲಹೆಗೆ ಪೂರ್ತಿ ಅಂಕ. ಪಂಜರದ ಒಂದು ಬದಿ ಗೋಡೆಗೆ ತಾಗಿರಲಿ, ಮೊದಲು ಕೈ ಹಾಕಲೇಬೇಡಿ, ಪಕ್ಕದಲ್ಲಿ ಸುಮ್ನೆ ಕೂತು ಮೆತ್ತಗೆ ಮಾತಾಡಿ ಅಂದರು. ಉದ್ದದ ನವಣೆ ತೆನೆಗಳನ್ನೂ ಕೊಟ್ಟರು. ತೆನೆಯ ತುದಿ ಹಿಡಿದರೆ ಬೆರಳು ದೂರವೇ ಇರುತ್ತದೆ, ಹಕ್ಕಿಗೆ ಧೈರ್ಯ ಬರುತ್ತದೆ. ಆಮೇಲೆ ನಿಧಾನಕ್ಕೆ ಬೆರಳು ಹತ್ತಿರ ತರಬೇಕು. ಜುಟ್ಟು ನೆಟ್ಟಗೆ ನಿಂತರೆ ಗಾಬರಿ, ಸಡಿಲವಾಗಿ ಹಿಂದಕ್ಕೆ ಬಾಗಿದ್ದರೆ ನೆಮ್ಮದಿ. ತಲೆಗೆ ಅಂಟಿಸಿಕೊಂಡು ಬುಸುಗುಟ್ಟಿದರೆ ಕೈ ಹಿಂದೆ ತಗೊಳ್ಳಿ.

ಊರಿನ ಹಸಿರು ಗಿಳಿ ಕೇಳಿ ಬಂದವರನ್ನು ಅವರು ವಾಪಸ್ ಕಳಿಸಿದರು. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದನ್ನು ಸಾಕುವಂತಿಲ್ಲ. ಈ ಕಾರಣಕ್ಕೇ ಅಂಗಡಿಯ ಮೇಲೆ ನನಗೆ ಗೌರವ ಹೆಚ್ಚಿತು.

ಈಗ ನಮ್ಮ ಹಕ್ಕಿ ಮಣಿಕಟ್ಟಿನ ಮೇಲೆ ಕೂತು ತಿನ್ನುತ್ತದೆ. ಅಂಗಡಿಯಲ್ಲಿ ನವಣೆ ತೆನೆ ಬೇಗ ಖಾಲಿಯಾಗುತ್ತದೆ, ಫೋನ್ ಮಾಡಿಯೇ ಹೋಗಿ.