ಹೈ ಕಂಪ್ರೆಶನ್ ಹೆಡ್ಡಿಗೆ ಗ್ಯಾಸ್ಕೆಟ್ಟೇ, ಓ-ರಿಂಗೇ: ಬದಿಯಡ್ಕದ ಒಂದು ಲೇತ್ ಕೆಲಸದ ವಿಮರ್ಶೆ

ಡೀಸೆಲ್ ಪಂಪ್‌ಸೆಟ್ಟನ್ನು ನಂಬಿ ಅಡಿಕೆ ತೋಟಕ್ಕೆ ನೀರು ಹಾಯಿಸುವವರಿಗೆ ನಡುಬೇಸಗೆಯಲ್ಲಿ ಹೆಡ್ ಗ್ಯಾಸ್ಕೆಟ್ (ಸಿಲಿಂಡರಿಗೂ ಅದರ ಮುಚ್ಚಳವಾದ ಹೆಡ್ಡಿಗೂ ನಡುವೆ ಸೋರದಂತೆ ಇಡುವ ಹಾಳೆ) ಹೋಗುವುದಕ್ಕಿಂತ ದೊಡ್ಡ ಕಿರಿಕಿರಿ ಇಲ್ಲ. ನಮ್ಮ 5 ಅಶ್ವಶಕ್ತಿಯ ಎಂಜಿನಿನಲ್ಲಿ ಅದು ಮತ್ತೆ ಮತ್ತೆ ಸುಡುತ್ತಿದ್ದುದರಿಂದ, ಗ್ರೂವ್ (ಸಣ್ಣ ತೋಡು) ಕೊಯ್ಸಿ ಸೋರಿಕೆ ತಡೆಯುವ ಬಳೆಯಂಥ ಓ-ರಿಂಗ್ ಕೂರಿಸಬೇಕೇ, ಒಳ್ಳೆಯ ಗ್ಯಾಸ್ಕೆಟ್ ಸಾಕೇ ಎಂದು ತಿಳಿಯಲು ಬದಿಯಡ್ಕ ಪೇಟೆಯ ಒಂದು ಲೇತ್ ವರ್ಕ್‌ಶಾಪಿಗೆ ಹೆಡ್ಡನ್ನು ಒಯ್ದೆ.

ಮೇಸ್ತ್ರಿ ಮೊದಲು ಕೇಳಿದ್ದು ಸುಟ್ಟ ಗ್ಯಾಸ್ಕೆಟ್ಟನ್ನು. ಸಿಲಿಂಡರಿನ ಸುತ್ತಲಿನ ಲೋಹದ ಅಂಚಿನಿಂದ ನೀರಿನ ತೂತಿನವರೆಗೆ ಒಂದೇ ಕಡೆ ಕಪ್ಪು ಗೆರೆ ಹರಿದಿತ್ತು. ಹೆಡ್ಡಿನ ಮೇಲೆ ಸ್ಟ್ರೇಟ್ ಎಡ್ಜ್ (ನೇರ ಅಂಚಿನ ಪಟ್ಟಿ) ಇಟ್ಟು, ಅದೇ ಜಾಗದಲ್ಲಿ 0.10 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ಸಲೀಸಾಗಿ ತೂರುವುದನ್ನು ತೋರಿಸಿ, "ಮೊದಲು ಹೆಡ್ಡು ಸಮ ಮಾಡುವ, ರಿಂಗಿನ ವಿಷಯ ಮತ್ತೆ" ಎಂದರು. ಹೆಚ್ಚು ಸಂಪಾದನೆಯ ಕೆಲಸವನ್ನು ತಾನಾಗಿ ಬೇಡವೆಂದ ಆ ಪ್ರಾಮಾಣಿಕತೆಗೆ ನನ್ನ ಪೂರ್ಣ ಅಂಕ.

ಅವರ ಮಾತಿನಲ್ಲಿ ಹುರುಳಿದೆ. 80 ಮಿ.ಮೀ. ಬೋರಿನ (ಸಿಲಿಂಡರಿನ ಒಳವ್ಯಾಸ) ಎಂಜಿನಿನಲ್ಲಿ ಒತ್ತಡ 70 ಬಾರ್‌ಗೆ (ವಾತಾವರಣದ ಒತ್ತಡದ ಸುಮಾರು 70 ಪಟ್ಟು) ಏರಿದರೆ ಹೆಡ್ಡನ್ನು ಮೇಲಕ್ಕೆತ್ತುವ ಬಲ ಸುಮಾರು ಮೂರೂವರೆ ಟನ್, 1500 ಆರ್.ಪಿ.ಎಂ.ನಲ್ಲಿ ಓಡುವ ಫೋರ್ ಸ್ಟ್ರೋಕ್ ಎಂಜಿನಿನಲ್ಲಿ ಇದು ನಿಮಿಷಕ್ಕೆ 750 ಬಾರಿ ಬೀಳುವ ಪೆಟ್ಟು. ಮುಖ ಸಮವಿದ್ದು, ನಟ್ಟುಗಳು ಸಮನಾಗಿ ಬಿಗಿದಿದ್ದರೆ ಮಾಮೂಲಿ ಗ್ಯಾಸ್ಕೆಟ್ ಇದನ್ನು ತಾಳಿಕೊಳ್ಳುತ್ತದೆ. ಸೊಟ್ಟಗಾದ ಹೆಡ್ಡಿಗೆ ಯಾವ ರಿಂಗೂ ಮದ್ದಲ್ಲ.

ಇಲ್ಲಿ ಓ-ರಿಂಗ್ ಎಂದರೆ ರಬ್ಬರಿನದಲ್ಲ. ಬಿಸಿ ತಾಳುವ ವೈಟಾನ್ ರಬ್ಬರ್ ಕೂಡ ದೀರ್ಘಕಾಲ ತಡೆಯುವುದು 200 ಡಿಗ್ರಿಯ ಆಸುಪಾಸಿನವರೆಗೆ ಮಾತ್ರ. ಲೈನರಿನ (ಸಿಲಿಂಡರಿನ ಒಳಕೊಳವೆ) ಕೆಳಭಾಗದಲ್ಲಿ ನೀರು ತಡೆಯಲು ಅದು ಸರಿ, ಉರಿಯುವ ಅನಿಲದ ಎದುರು ನಿಲ್ಲದು. ಹೈ ಕಂಪ್ರೆಶನ್ (ಸಿಲಿಂಡರಿನೊಳಗೆ ಒತ್ತಡ ಹೆಚ್ಚಿರುವ) ಕೆಲಸದಲ್ಲಿ ಸಿಲಿಂಡರಿನ ಸುತ್ತ ಗ್ರೂವ್ ಕೊಯ್ದು ಸುಮಾರು 1 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ತಂತಿಯನ್ನು, ಕಾಲು ಮಿ.ಮೀ.ನಷ್ಟು ಹೊರಚಾಚುವಂತೆ ಕೂರಿಸುತ್ತಾರೆ. ಅದು ಮೆತ್ತಗಿನ ತಾಮ್ರದ ಗ್ಯಾಸ್ಕೆಟ್ಟಿನೊಳಗೆ ಒತ್ತಿ ಅನಿಲವನ್ನು ತಡೆಯುತ್ತದೆ. ಹಾಗಾಗಿ ಓ-ರಿಂಗ್ ಹಾಕಿದರೂ ಗ್ಯಾಸ್ಕೆಟ್ ತಪ್ಪುವುದಿಲ್ಲ, ಮತ್ತು ತಾಮ್ರದ ಹಾಳೆಯಲ್ಲಿ ನೀರು, ಎಣ್ಣೆಯ ತೂತುಗಳಿಗೆ ಬೇರೆಯೇ ಸೀಲಿಂಗ್ ಬೇಕಾಗುತ್ತದೆ.

ಹೆಡ್ಡಿನ ಮುಖ ಕೊಯ್ದು ಸಮ ಮಾಡುವ ಫೇಸಿಂಗ್ ಕೆಲಸ ಅಚ್ಚುಕಟ್ಟಾಗಿದೆ. ಚಪ್ಪಟೆ ಮುಖದ ಡೀಸೆಲ್ ಹೆಡ್ಡನ್ನು ಕೊಯ್ದಷ್ಟೂ ವಾಲ್ವುಗಳು ಪಿಸ್ಟನ್ನಿನ ಕಡೆಗೆ ಚಾಚುತ್ತವೆ ಎಂಬುದನ್ನು ಮರೆಯದೆ ಸೀಟುಗಳನ್ನೂ ಅಷ್ಟೇ ಇಳಿಸಿಕೊಟ್ಟರು. ಹೊಸ ಗ್ಯಾಸ್ಕೆಟ್ಟಿನ ದಪ್ಪ ಸರಿಯಿದೆಯೇ ಎಂದು ಪಿಸ್ಟನ್ ಮೇಲೆ ಸೀಸದ ತಂತಿಯಿಟ್ಟು, ಹೆಡ್ಡು ಬಿಗಿದು, ಜಜ್ಜಿದ ತಂತಿಯ ದಪ್ಪವನ್ನು (ಅದೇ ಪಿಸ್ಟನ್ನಿಗೂ ಹೆಡ್ಡಿಗೂ ನಡುವಿನ ಸಂದು) ಮೈಕ್ರೋಮೀಟರಿನಲ್ಲಿ ಅಳೆದು ನೋಡುವಂತೆ ಹೇಳಿಕೊಟ್ಟದ್ದು ಬಹಳ ಉಪಯೋಗಕ್ಕೆ ಬಂತು.

ಕೊರತೆ ಒಂದಿದೆ: ಜೋಡಿಸಲು ಬಂದ ಅವರ ಹುಡುಗ ನಟ್ಟುಗಳನ್ನು ಕೈಅಂದಾಜಿನಲ್ಲಿ ಬಿಗಿಯಲು ಹೊರಟಿದ್ದ. ಬಿಗಿತ ಅಳೆಯುವ ಟಾರ್ಕ್ ವ್ರೆಂಚ್ ಕೇಳಿ ತರಿಸಿ, ಎದುರುಬದುರಾಗಿ ಮೂರು ಹಂತಗಳಲ್ಲಿ ಬಿಗಿಸಬೇಕಾಯಿತು. ಇಷ್ಟು ಒಳ್ಳೆಯ ಲೇತ್ ಕೆಲಸಕ್ಕೆ ಈ ಅಸಡ್ಡೆ ಒಪ್ಪುವಂಥದ್ದಲ್ಲ.

ಟರ್ಬೊ ಹಾಕಿ ಒತ್ತಡ ಏರಿಸಿದ ಎಂಜಿನ್ ಇರುವವರು ಗ್ರೂವ್ ಕೆಲಸಕ್ಕೂ ಇಲ್ಲಿಗೆ ಹೋಗಬಹುದು. ತಂತಿ ಎಷ್ಟು ಹೊರಚಾಚಿದೆ ಎಂಬುದನ್ನು ಮಾತ್ರ ಸುತ್ತಲೂ ಡಯಲ್ ಗೇಜ್ ಇಡಿಸಿ ಕಣ್ಣಾರೆ ನೋಡಿಯೇ ಹೆಡ್ಡು ತೆಗೆದುಕೊಳ್ಳಿ.