ಒಪೆರಾ ಕೇಕಿಗೆ ಯಾವ ಟ್ರೇ? ದಪ್ಪ ಅಲ್ಯೂಮಿನಿಯಂ, ತೆಳು ನಾನ್‌ಸ್ಟಿಕ್, ಎತ್ತರದ ಚೌಕ ಟಿನ್

ಮನೆಯಲ್ಲಿ ಒಪೆರಾ ಕೇಕ್ ಮಾಡಬೇಕು ಅಂದುಕೊಂಡವರು ಸಾಮಾನ್ಯವಾಗಿ ಯಾವ ಚಾಕೊಲೇಟ್ ತರಲಿ, ಕಾಫಿ ಎಷ್ಟು ಗಟ್ಟಿ ಇರಲಿ ಎಂದು ಕೇಳುತ್ತಾರೆ. ನಾನು ಮೊದಲು ಕೇಳುವುದು, ನಿಮ್ಮ ಹತ್ತಿರ ಇರುವ ಟ್ರೇ ಯಾವುದು ಅಂತ. ಲೇಪನವಿಲ್ಲದ ದಪ್ಪ ಅಲ್ಯೂಮಿನಿಯಂ ಟ್ರೇ ಮನೆಗೆ ಬಂದ ಮೇಲೆಯೇ ನನ್ನ ಕೇಕಿನ ಪದರಗಳು ನೆಟ್ಟಗಾದದ್ದು. ಅದಕ್ಕೆ ಮುಂಚೆ ಅಳತೆ ಬದಲಿಸಿದ್ದೆ, ಚಾಕೊಲೇಟ್ ಬದಲಿಸಿದ್ದೆ, ಏನೂ ಗುಣ ಕಂಡಿರಲಿಲ್ಲ. ಹಾಗಾಗಿ ಈ ಹೋಲಿಕೆಯಲ್ಲಿ ನನ್ನ ಮತ ಯಾವ ಕಡೆಗೆ ಅನ್ನುವುದನ್ನು ಮುಚ್ಚಿಡುವುದಿಲ್ಲ.

ಬೇರೆ ಕೇಕಿನಲ್ಲಿ ಸ್ಪಂಜು ಸ್ವಲ್ಪ ಏರುಪೇರಾದರೆ ಕ್ರೀಮು ಮುಚ್ಚಿಬಿಡುತ್ತದೆ. ಒಪೆರಾದಲ್ಲಿ ಆ ಅನುಕೂಲ ಇಲ್ಲ. ಬಾದಾಮಿ ಪುಡಿಯ ಜೋಕೊಂಡ್ ಸ್ಪಂಜು ಮೂರು ಪದರ, ಕಾಫಿ ಬಟರ್‌ಕ್ರೀಮ್ ಎರಡು, ಚಾಕೊಲೇಟ್ ಮತ್ತು ಕೆನೆ ಸೇರಿಸಿದ ಗನಾಶ್ ಒಂದು, ಮೇಲೆ ಹೊಳೆಯುವ ಚಾಕೊಲೇಟ್ ಲೇಪ, ಅಂದರೆ ಗ್ಲೇಜ್. ಇವೆಲ್ಲ ಸೇರಿ ಎತ್ತರ ಮೂರು ಸೆಂಟಿಮೀಟರ್ ಒಳಗೇ ಇರಬೇಕು. ಪ್ಯಾರಿಸ್‌ನ ದಲೋಯೊ ಅಂಗಡಿಯವರು ಇದು 1955ರಲ್ಲಿ ತಮ್ಮ ಬಾಣಸಿಗ ಸಿರಿಯಾಕ್ ಗವಿಯೋಂ ಮಾಡಿದ ಕೇಕ್ ಅನ್ನುತ್ತಾರೆ. ಲೂಯಿ ಕ್ಲಿಶಿ ಎಂಬುವರು 1903ರಲ್ಲೇ ಪ್ಯಾರಿಸ್‌ನ ಪಾಕ ಪ್ರದರ್ಶನದಲ್ಲಿ ಇಂಥದ್ದನ್ನು ಇಟ್ಟಿದ್ದರು ಅನ್ನುವವರೂ ಇದ್ದಾರೆ. ಯಾರದೇ ಆಗಲಿ, ನಾಲ್ಕೂ ಬದಿಯನ್ನು ಕತ್ತರಿಸಿ ತೆಗೆದು ಒಳಗಿನ ಪದರಗಳನ್ನು ಕಣ್ಣಿಗೆ ಕಾಣುವಂತೆ ಇಡುವುದೇ ಈ ಕೇಕಿನ ಅಂದ. ಎರಡು ಮಿಲಿಮೀಟರ್ ವ್ಯತ್ಯಾಸವಾದರೂ ಎದ್ದು ಕಾಣುತ್ತದೆ.

ಮೊದಲು ತೆಳು ನಾನ್‌ಸ್ಟಿಕ್ ಟ್ರೇ ವಿಚಾರ. ಕಪ್ಪು ಬಣ್ಣದ್ದು, ಹಗುರ, ಬೇಕಾದಲ್ಲಿ ಸಿಗುತ್ತದೆ, ಕುಕೀಸಿಗೆ ಏನೂ ತೊಂದರೆ ಇಲ್ಲ. ಆದರೆ ಜೋಕೊಂಡ್ ಬೇಯುವುದು ಹೆಚ್ಚು ಉರಿಯಲ್ಲಿ, ಕಡಿಮೆ ಹೊತ್ತು: 220 ಡಿಗ್ರಿ ಸೆಲ್ಸಿಯಸ್, ಏಳೆಂಟು ನಿಮಿಷ. ಒಳಗಿಟ್ಟು ಎರಡು ಮೂರು ನಿಮಿಷ ಆಗಿರುತ್ತದೆ, ಓವನ್ ಒಳಗಿಂದ ಟಣ್ ಎಂದು ಸದ್ದು. ಗಾಜಿನಿಂದ ಬಗ್ಗಿ ನೋಡಿದರೆ ಟ್ರೇಯ ಒಂದು ಮೂಲೆ ಜಾಲರಿಯಿಂದ ಮೇಲೆದ್ದು ನಿಂತಿದೆ. ಹಿಟ್ಟು ಇನ್ನೂ ಹಸಿ. ಎದ್ದ ಮೂಲೆಯಿಂದ ಸರಿದು ತಗ್ಗಿದ ಮೂಲೆಗೆ ಹೋಗಿ ನಿಲ್ಲುತ್ತದೆ, ಅಲ್ಲೇ ಗಟ್ಟಿಯಾಗುತ್ತದೆ.

ಕಾರಣ ಸರಳ. ಹಿಟ್ಟು ಕುಳಿತ ಜಾಗದಲ್ಲಿ ತಗಡು ತಂಪಾಗಿರುತ್ತದೆ, ಬರಿದಾದ ಅಂಚು ಬೇಗ ಕಾಯುತ್ತದೆ. ಕಾದ ಕಡೆ ಲೋಹ ಹಿಗ್ಗುತ್ತದೆ, ತಂಪಾದ ಕಡೆ ಹಿಗ್ಗುವುದಿಲ್ಲ. ಈ ಎಳೆದಾಟವನ್ನು ತಡೆಯುವ ಬಿಗಿ ತೆಳು ತಗಡಿಗೆ ಇಲ್ಲ, ತಿರುಚಿಕೊಳ್ಳುತ್ತದೆ. ಇನ್ನೂ ಸಿಟ್ಟು ತರಿಸುವ ವಿಷಯ ಏನೆಂದರೆ, ಹೊರಗೆ ತೆಗೆದು ಆರಿದ ಮೇಲೆ ಮತ್ತೆ ಟಣ್ ಎಂದು ಚಪ್ಪಟೆಯಾಗುತ್ತದೆ. ಮೇಜಿನ ಮೇಲಿಟ್ಟು ನೋಡಿದರೆ ಟ್ರೇಯಲ್ಲಿ ಯಾವ ದೋಷವೂ ಕಾಣುವುದಿಲ್ಲ. ಹೀಗಾಗಿ ಓವನ್ನಿನ ಮೇಲೆ, ಮೊಟ್ಟೆಯ ಮೇಲೆ, ನಮ್ಮ ಕೈಯ ಮೇಲೆ ಅನುಮಾನ ಪಡುತ್ತಾ ಕೂರುತ್ತೇವೆ.

ಆ ಸ್ಪಂಜನ್ನು ಅಳೆದರೆ ಒಂದು ಮೂಲೆಯಲ್ಲಿ ಒಂಬತ್ತು ಮಿಲಿಮೀಟರ್, ಎದುರು ಮೂಲೆಯಲ್ಲಿ ನಾಲ್ಕು. ತೆಳ್ಳಗಿನ ಕಡೆ ಒಣಗಿ ಬಿಸ್ಕತ್ತಿನಂತೆ ಆಗಿರುತ್ತದೆ, ಕಾಫಿ ಪಾಕ ಬಳಿದರೆ ಹೀರಿಕೊಳ್ಳದೆ ಮೇಲೇ ನಿಲ್ಲುತ್ತದೆ. ದಪ್ಪ ಕಡೆ ಅದೇ ಪಾಕ ಕುಡಿದು ಮೆತ್ತಗಾಗಿ, ಎತ್ತುವಾಗ ಹರಿಯುತ್ತದೆ. ಪದರ ಜೋಡಿಸುವಾಗ ತಗ್ಗನ್ನು ಬಟರ್‌ಕ್ರೀಮಿನಿಂದ ತುಂಬಿಸಿ ಸರಿ ಮಾಡಬಹುದು ಅನಿಸುತ್ತದೆ. ಮೇಲ್ಭಾಗವೇನೋ ಸಮವಾಗುತ್ತದೆ, ಕತ್ತರಿಸಿದಾಗ ಮಾತ್ರ ಒಂದು ತುಂಡಿನಲ್ಲಿ ಬೆಣ್ಣೆಯೇ ಬೆಣ್ಣೆ, ಇನ್ನೊಂದರಲ್ಲಿ ಬರೀ ಸ್ಪಂಜು. ಸ್ವಲ್ಪ ಓರೆ ಉಳಿದಿದ್ದರೂ ಗ್ಲೇಜ್ ಹರಿದು ಒಂದು ಬದಿಗೆ ಸೇರುತ್ತದೆ.

ಉಪಾಯಗಳನ್ನೂ ಮಾಡಿ ನೋಡಿದೆ. ಖಾಲಿ ಟ್ರೇ ಮೊದಲೇ ಕಾಯಿಸಿಕೊಂಡರೆ ತಿರುಚುವುದು ಕಡಿಮೆಯಾಗುತ್ತದೆ, ಆದರೆ ಬಿಸಿ ತಗಡಿನ ಮೇಲೆ ಹಿಟ್ಟು ಹರಡುವಷ್ಟರಲ್ಲೇ ತಳ ಹಿಡಿದುಕೊಳ್ಳುತ್ತದೆ, ಹಿಟ್ಟು ಸವರುವ ಚಪ್ಪಟೆ ಪ್ಯಾಲೆಟ್ ನೈಫ್ ಎಳೆದಲ್ಲೆಲ್ಲ ಗೀರು. ಉರಿಯನ್ನು 180ಕ್ಕೆ ಇಳಿಸಿದರೆ ಟ್ರೇ ಸುಮ್ಮನಿರುತ್ತದೆ. ಸ್ಪಂಜು ಮಾತ್ರ ಹೆಚ್ಚು ಹೊತ್ತು ಬೆಂದು ಒಣಗಿ, ಕಾಗದ ಬಿಡಿಸುವಾಗ ಬಿರಿಯುತ್ತದೆ. ಕೈಲಿರುವುದು ಆ ಟ್ರೇ ಒಂದೇ ಆದರೆ, ಜೋಡಿಸುವಾಗ ನಡುವಿನ ಪದರವನ್ನು ತಿರುಗಿಸಿ, ಕೆಳಗಿನದರ ತೆಳು ಭಾಗದ ಮೇಲೆ ಇದರ ದಪ್ಪ ಭಾಗ ಬರುವ ಹಾಗೆ ಇಡಿ. ಅರ್ಧದಷ್ಟು ಸರಿಹೋಗುತ್ತದೆ, ಅಷ್ಟೇ.

ದಪ್ಪ ಅಲ್ಯೂಮಿನಿಯಂ ಟ್ರೇಯಲ್ಲಿ ಈ ರಗಳೆಯೇ ಇಲ್ಲ. ತಗಡು ದಪ್ಪ, ಅಂಚನ್ನು ಸುರುಳಿ ಸುತ್ತಿ ಒಳಗೆ ತಂತಿ ಕೂರಿಸಿರುತ್ತಾರೆ, 220ರಲ್ಲೂ ಅಲುಗುವುದಿಲ್ಲ. ಸಾದಾ ಉಕ್ಕಿಗಿಂತ ಅಲ್ಯೂಮಿನಿಯಂ ಸುಮಾರು ನಾಲ್ಕು ಪಟ್ಟು ಚೆನ್ನಾಗಿ ಶಾಖ ಹರಡುತ್ತದೆ, ಹಾಗಾಗಿ ನಡುವೆ ಬೆಂದು ಅಂಚು ಸೀಯುವುದು ಅಥವಾ ಅಂಚು ಬೆಂದು ನಡು ಹಸಿ ಉಳಿಯುವುದು ಕಡಿಮೆ. ತಿಳಿ ಬಣ್ಣದ್ದರಿಂದ ತಳವೂ ಬೇಗ ಕಪ್ಪಾಗುವುದಿಲ್ಲ. ಬೆರಳಿನಿಂದ ಒತ್ತಿ ನೋಡಿದರೆ ನಡುವೆ ಎಷ್ಟು ಪುಟಿಯುತ್ತದೋ ಮೂಲೆಯಲ್ಲೂ ಅಷ್ಟೇ. ಆ ಸಮತೆಗಾಗಿಯೇ ನಾನು ಈ ಟ್ರೇಯನ್ನು ಮೆಚ್ಚಿಕೊಂಡಿರುವುದು.

ಲೇಪನ ಇಲ್ಲದಿದ್ದರೆ ಅಂಟುವುದಿಲ್ಲವೇ? ಬೇಕಿಂಗ್ ಪೇಪರ್ ಹಾಕಿದರೆ ಆ ಪ್ರಶ್ನೆ ಬರುವುದಿಲ್ಲ. ನಾಲ್ಕು ಮೂಲೆಗೂ ಕಾಗದದ ಅಡಿಯಲ್ಲಿ ಒಂದೊಂದು ಚುಕ್ಕೆ ಹಿಟ್ಟು ಇಟ್ಟು ಒತ್ತಿಬಿಡಿ. ಫ್ಯಾನ್ ಇರುವ ಓವನ್ನಿನಲ್ಲಿ ಕಾಗದ ಎದ್ದು ಹಿಟ್ಟಿನ ಮೇಲೆ ಮಡಚಿಕೊಳ್ಳುವುದು ಇದರಿಂದ ತಪ್ಪುತ್ತದೆ. ಸಿಲಿಕೋನ್ ಮ್ಯಾಟ್ ಕೂಡ ಬಳಸಿದ್ದೇನೆ. ಅದು ಶಾಖವನ್ನು ತಡೆಯುತ್ತದೆ, ತಳ ಬಿಳಿಚಿಕೊಂಡು ಅಂಟಂಟಾಗಿ ಬರುತ್ತದೆ. ಜೋಕೊಂಡಿಗೆ ನನಗೆ ಕಾಗದವೇ ಸರಿ.

ಪಾತ್ರೆ ತೊಳೆಯುವ ಯಂತ್ರಕ್ಕೆ ಹಾಕಿದರೆ ಅಲ್ಯೂಮಿನಿಯಂ ಕಪ್ಪಿಡುತ್ತದೆ. ಕೈಯಲ್ಲೇ ತೊಳೆಯಿರಿ.

ಇನ್ನು ಎತ್ತರದ ಚೌಕ ಟಿನ್. ಒಮ್ಮೆಲೇ ದಪ್ಪಗೆ ಬೇಯಿಸಿ, ಗರಗಸದ ಹಲ್ಲಿನ ಚಾಕುವಿನಿಂದ ಅಡ್ಡಲಾಗಿ ಮೂರು ಸೀಳು ಮಾಡುವ ದಾರಿ ಇದು. ಹೊಸ ಟ್ರೇ ಕೊಳ್ಳಬೇಕಿಲ್ಲ ಎನ್ನುವುದು ಇದರ ದೊಡ್ಡ ಅನುಕೂಲ. ಆದರೆ ಆರೇಳು ಮಿಲಿಮೀಟರ್ ದಪ್ಪಕ್ಕೆ ನೆಟ್ಟಗೆ ಸೀಳುವುದು ಪಳಗಿದ ಕೈಗೂ ಕಷ್ಟ. ನಡು ಉಬ್ಬಿದ್ದನ್ನು ಕತ್ತರಿಸಿ ಎಸೆಯಬೇಕು, ಬಾದಾಮಿ ಪುಡಿ ಹಾಕಿದ ಹಿಟ್ಟನ್ನು ಎಸೆಯಲು ಮನಸ್ಸು ಬರುವುದಿಲ್ಲ. ಟ್ರೇಯಲ್ಲಿ ಬೆಂದ ಹಾಳೆಗೆ ಮೇಲೆ ಕೆಳಗೆ ತೆಳ್ಳನೆಯ ಸಿಪ್ಪೆ ಇರುತ್ತದೆ, ಪಾಕ ಕುಡಿದರೂ ಅದು ಹಿಡಿದು ನಿಲ್ಲಿಸುತ್ತದೆ. ಸೀಳಿದ ನಡು ಪದರಕ್ಕೆ ಆ ಆಸರೆ ಇಲ್ಲ, ಬಟರ್‌ಕ್ರೀಮ್ ಸವರುವಾಗ ಪುಡಿ ಏಳುತ್ತದೆ. ಸಾದಾ ಚಾಕೊಲೇಟ್ ಕೇಕಿಗೆ ಈ ದಾರಿ ಸಾಕು, ಒಪೆರಾಕ್ಕೆ ನಾನು ಹೇಳುವುದಿಲ್ಲ.

ಬಜೆಟ್ ಲೆಕ್ಕ. ದಪ್ಪ ಟ್ರೇಗೆ ತೆಳುವಿನದಕ್ಕಿಂತ ಹೆಚ್ಚು ಹಣ ಬೇಕು, ಹೌದು. ಆದರೆ ಮೂರು ಪದರಕ್ಕೆ ಮೂರು ಟ್ರೇ ಬೇಕಿಲ್ಲ. ನಾನು 30×40 ಸೆಂಟಿಮೀಟರ್‌ನ ಒಂದೇ ಹಾಳೆ ಬೇಯಿಸಿ ಮೂರು ಪಟ್ಟಿ ಮಾಡುತ್ತೇನೆ. ಅದಕ್ಕೆ ಬಾದಾಮಿ ಪುಡಿ ಮತ್ತು ಐಸಿಂಗ್ ಶುಗರ್ ತಲಾ 100 ಗ್ರಾಂ, ಮೂರು ಇಡೀ ಮೊಟ್ಟೆ, ಮೈದಾ 30 ಗ್ರಾಂ, ಕರಗಿಸಿದ ಬೆಣ್ಣೆ 20 ಗ್ರಾಂ, ಮೂರು ಮೊಟ್ಟೆಯ ಬಿಳಿಯನ್ನು 15 ಗ್ರಾಂ ಸಕ್ಕರೆ ಹಾಕಿ ನೊರೆ ಬರಿಸಿದ್ದು. ಒಟ್ಟು ಸುಮಾರು 500 ಗ್ರಾಂ ಹಿಟ್ಟು. ಚಿಕ್ಕ ಓವನ್ ಇದ್ದವರು 24×33ರ ಟ್ರೇ ತೆಗೆದುಕೊಂಡು ಎಲ್ಲವನ್ನೂ ಮೂರರಲ್ಲಿ ಎರಡು ಪಾಲಿಗೆ ಇಳಿಸಿದರೆ ದಪ್ಪ ಅಷ್ಟೇ ಬರುತ್ತದೆ, 11×24ರ ಮೂರು ಪಟ್ಟಿ ಸಿಗುತ್ತವೆ. ಎರಡು ಸರತಿಯಲ್ಲಿ ಬೇಯಿಸುವುದು ಬೇಡ. ಕಾಯುತ್ತಾ ಕುಳಿತ ಹಿಟ್ಟಿನ ನೊರೆ ಇಳಿದು ಎರಡನೆಯ ಹಾಳೆ ತೆಳ್ಳಗಾಗುತ್ತದೆ.

ನಾನು ಒಪೆರಾ ಮಾಡುವುದು ವಿಶೇಷ ದಿನಗಳಿಗೆ ಮಾತ್ರ. ಉಳಿದ ದಿನ ಇದೇ ಟ್ರೇಯಲ್ಲಿ ಸ್ವಿಸ್ ರೋಲ್, ಕುಕೀಸ್, ಹುರಿದ ತರಕಾರಿ ಎಲ್ಲ ಆಗುತ್ತದೆ, ಹಾಕಿದ ದುಡ್ಡು ವ್ಯರ್ಥ ಅನಿಸಿಲ್ಲ. ವರ್ಷಕ್ಕೊಮ್ಮೆ ಮಾತ್ರ ಓವನ್ ಹಚ್ಚುವವರಾದರೆ ಪರಿಚಯದವರಿಂದ ಒಂದು ದಿನಕ್ಕೆ ಕೇಳಿ ತನ್ನಿ.

ಕೊಳ್ಳುವ ಮೊದಲು ಓವನ್ ಒಳಗಿನ ಅಳತೆ ತೆಗೆದುಕೊಳ್ಳಿ, ಸುತ್ತಲೂ ಎರಡು ಸೆಂಟಿಮೀಟರ್ ಆದರೂ ಗಾಳಿ ಓಡಾಡಲು ಜಾಗ ಬಿಡಿ. ಟ್ರೇ ತಂದ ದಿನವೇ ಓವನ್ ತಣ್ಣಗಿರುವಾಗ ಅದನ್ನು ಜಾಲರಿಯ ಮೇಲಿಟ್ಟು, ತಳ ಮುಚ್ಚುವಷ್ಟು ನೀರು ಹುಯ್ದು ನೋಡಿ. ನೀರು ಒಂದು ಕಡೆಗೆ ಸೇರಿದರೆ ಓರೆ ಇರುವುದು ಜಾಲರಿ ಅಥವಾ ಓವನ್. ಅದರ ಕಾಲಿನ ಕೆಳಗೆ ಏನಾದರೂ ಕೊಟ್ಟು ಸಮ ಮಾಡಿಕೊಂಡು ಆಮೇಲೆ ಮೊಟ್ಟೆ ಒಡೆಯಿರಿ.