‘ನಾನೇ ಮಾಡಿಸ್ಕೊಡ್ತೀನಿ’ ಅನ್ನೋ ಗುತ್ತಿಗೆದಾರನನ್ನು ನಂಬಿ ಕೂರಬೇಡಿ

ಕೆಲಸದ ಜಾಗದಲ್ಲಿ ಸತ್ತವರ ಮನೆಗೆ ಗುತ್ತಿಗೆದಾರ ಬಂದು ‘ಪರಿಹಾರ ನಾನೇ ಕೊಡಿಸ್ತೀನಿ, ಕೋರ್ಟು ಕಚೇರಿ ಎಲ್ಲ ಬೇಡ’ ಅಂದರೆ ಅವನು ಒಳ್ಳೆಯವನೇ ಇರಬಹುದು. ಆದರೂ ತಡ ಮಾಡದೆ ವಕೀಲರನ್ನು ಹುಡುಕಿ.

ನಮ್ಮ ಚಿಕ್ಕಮ್ಮನ ಮಗಳ ಗಂಡ ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದವರು. ಕೆಲವು ವರ್ಷಗಳ ಹಿಂದೆ ಸಾರುವೆಯಿಂದ ಬಿದ್ದು ತೀರಿಕೊಂಡರು. ಗುತ್ತಿಗೆದಾರ ಊರಿಗೇ ಬಂದ. ಖರ್ಚಿಗೆ ಒಂದಿಷ್ಟು ದುಡ್ಡು ಕೊಟ್ಟು, ಬಾಂಡ್ ಪೇಪರ್ ಮೇಲೆ ತಂಗಿಯ ಹೆಬ್ಬೆಟ್ಟು ಒತ್ತಿಸಿಕೊಂಡ. ಆಮೇಲೆ ಯಾವಾಗ ಕೇಳಿದರೂ ಒಂದೇ ಮಾತು: ‘ಫೈಲ್ ಮೇಲೆ ಹೋಗಿದೆಯಮ್ಮ, ಸ್ವಲ್ಪ ತಡಿ.’ ಎರಡು ವರ್ಷ ತುಂಬುವವರೆಗೂ ಫೋನ್ ಎತ್ತುತ್ತಿದ್ದ. ಆಮೇಲೆ ಎತ್ತಲಿಲ್ಲ.

ಆ ಎರಡು ವರ್ಷದ ಲೆಕ್ಕ ಅವನಿಗೆ ಚೆನ್ನಾಗಿ ಗೊತ್ತಿತ್ತು. ಆಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ, ಸಾವಾದ ಎರಡು ವರ್ಷದೊಳಗೆ ಕಮಿಷನರ್ (ಪೊಲೀಸ್ ಕಮಿಷನರ್ ಅಲ್ಲ, ಈ ಪರಿಹಾರದ ಕೇಸು ನಡೆಸುವ ಅಧಿಕಾರಿ) ಮುಂದೆ ಅರ್ಜಿ ಹಾಕಬೇಕಿತ್ತು.

ತಾಲ್ಲೂಕಿನಲ್ಲಿ ವಿಚಾರಿಸಿದರೆ ‘ಟೈಮ್ ಮುಗೀತು, ಬಿಡಿ’ ಅಂದರು. ಹಾಗೇನಿಲ್ಲ. ತಡವಾಗಿದ್ದಕ್ಕೆ ಸರಿಯಾದ ಕಾರಣ ಇದೆ ಅಂತ ಕಮಿಷನರ್‌ಗೆ ಮನವರಿಕೆಯಾದರೆ ಅವಧಿ ಮೀರಿದ ಅರ್ಜಿಯನ್ನೂ ನಡೆಸಬಹುದು ಅಂತ ಅದೇ ಸೆಕ್ಷನ್ನಿನಲ್ಲಿತ್ತು. ಆದರೆ ‘ಬಡವರು, ಓದು ಬರಹ ಬಾರದು’ ಅಂತ ಸುಮ್ನೆ ಒಂದು ಸಾಲು ಬರೆದರೆ ಸಾಲದು. ನಮ್ಮನ್ನು ಕಾಪಾಡಿದ್ದು ಗುತ್ತಿಗೆದಾರನ ವಾಟ್ಸಾಪ್ ವಾಯ್ಸ್ ಮೆಸೇಜುಗಳು. ಕಾಯಿಸಿದ್ದು ಅವನೇ ಅನ್ನುವುದು ಅವನ ದನಿಯಲ್ಲೇ, ತಾರೀಖಿನ ಸಮೇತ ಇತ್ತು.

ತಡ ಮನ್ನಾ ಆಯಿತು. ಆದರೆ ಸಾಕ್ಷಿ ಎಲ್ಲಿಂದ ತರೋದು? ಜೊತೆಗೆ ಕೆಲಸ ಮಾಡಿದವರಲ್ಲಿ ಒಬ್ಬ ಗೋವಾದಲ್ಲಿ, ಇನ್ನೊಬ್ಬ ಪುಣೆಯಲ್ಲಿ. ಹಾಜರಿ ಪುಸ್ತಕ ‘ಸಿಗ್ತಿಲ್ಲ’. ಮೇಲಿಂದ ‘ಅವರು ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ’ ಅನ್ನೋ ವಾದ ಬೇರೆ! ಪೊಲೀಸರ ಕಾಗದದಲ್ಲಿ ಸೈಟಿನ ವಿಳಾಸ ಇದ್ದಿದ್ದಕ್ಕೆ ಬಚಾವಾದೆವು. ದಿನಗೂಲಿ ಎಷ್ಟಿತ್ತು ಅಂತ ತೋರಿಸೋಕೆ ಮಾತ್ರ ಕೊನೆಗೂ ಆಗಲಿಲ್ಲ. ಸಾವಿನ ಪರಿಹಾರ ಅಂದರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸಿದ ಮೊತ್ತ. ಕೂಲಿ ಕಡಿಮೆ ಹಿಡಿದರು, ಪರಿಹಾರವೂ ಇಳಿಯಿತು.

ಆ ಬಾಂಡ್ ಪೇಪರ್ ನೆನೆದು ತಂಗಿ ಎಷ್ಟು ಹೆದರಿದ್ದಳೋ. ಅದಕ್ಕೆ ಬೆಲೆಯೇ ಇಲ್ಲ. ಹಕ್ಕು ಬಿಟ್ಟುಕೊಡುವ ಒಪ್ಪಂದ ನಡೆಯಲ್ಲ ಅಂತ ಅದೇ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತಿತ್ತು. ಸಾವಿನ ಪರಿಹಾರವನ್ನು ಮಾಲೀಕ ಕಮಿಷನರ್ ಬಳಿಯೇ ಕಟ್ಟಬೇಕು. ಮೂರು ತಿಂಗಳ ಕೂಲಿಯಷ್ಟು ಮುಂಗಡ ಬಿಟ್ಟರೆ, ಮನೆಯವರ ಕೈಗೆ ಕೊಟ್ಟದ್ದು ಲೆಕ್ಕಕ್ಕೆ ಬರಲ್ಲ. ತಿಂಗಳೊಳಗೆ ಕಟ್ಟದಿದ್ದರೆ ವರ್ಷಕ್ಕೆ ಶೇ. 12 ಬಡ್ಡಿ. ಕಟ್ಟಡ ಕಾರ್ಮಿಕರ ಮಂಡಳಿ ಕೊಡುವ ಲೇಬರ್ ಕಾರ್ಡಿನ ಸಹಾಯಧನ ಬೇರೆ, ಇದು ಬೇರೆ. ಎರಡನ್ನೂ ಒಂದೇ ಅಂದುಕೊಂಡು ಬಿಟ್ಟವರು ಜಾಸ್ತಿ.

ವಕೀಲರ ಫೀಸಿಗೆ ಹೆದರಬೇಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಪುಕ್ಕಟೆ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿ. 2025ರ ನವೆಂಬರ್ 21ರಿಂದ 1923ರ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಅನ್ನೋ ಹೊಸ ಕಾನೂನು ಬಂದಿದೆ. ಆಮೇಲಿನ ಅಪಘಾತವಾದರೆ ಅದರಲ್ಲಿ ಅರ್ಜಿ ಹಾಕೋ ಅವಧಿ ಎಷ್ಟು ಅಂತ ಮೊದಲೇ ಕೇಳಿಕೊಳ್ಳಿ.